ರಚ್ಚು ಕಾಯ್ದ ದೊಡ್ಡವ್ವನಿಗೆ, ಜೊತೆಗೆ ನಮ್ಮ ಆಲೆಮನೆಯ ಎಲ್ಲರಿಗೂ

ಅಪ್ಪ ಮತ್ತೆ ಆಲೆಮನೆಗೆ ಬರಲು ಶುರು ಮಾಡಿದ್ದಾರೆ. ಕೋಲು ಹಿಡಿದು ಬರುತ್ತಾರೆ, ಗಾಣದ ಹತ್ತಿರ ಕುರ್ಚಿ ಹಾಕಿಸಿಕೊಂಡು ಕೂರುತ್ತಾರೆ, ಎಲ್ಲರನ್ನೂ ಬೈಯುತ್ತಾರೆ. ಅಂದರೆ ಹುಷಾರಾಗಿದ್ದಾರೆ. ಡಿಸೆಂಬರಿನಲ್ಲಿ ಅವರು ಬಿದ್ದು ಐಸಿಯು ಸೇರಿದ ಕಥೆ ನಿಮಗೆಲ್ಲ ಗೊತ್ತೇ ಇದೆ, ಮತ್ತೆ ಬರೆಯುವುದಿಲ್ಲ. ಈ ಸೀಸನ್ ಮುಗಿಸಿ ಒಲೆ ಆರಿಸಿದ್ದೇವೆ. ಕೂಲಿ ಲೆಕ್ಕವೆಲ್ಲ ಚುಕ್ತಾ ಆಯಿತು. ಇದೊಂದು ಬಾಕಿ ಉಳಿದಿತ್ತು.

ಮೈಸೂರಿನ ಆಸ್ಪತ್ರೆಗೆ ಊಟ ತಂದ ಗೆಳತಿಯರು, ರಕ್ತ ಕೊಟ್ಟ ಊರಿನ ಹುಡುಗರು, ಹಗಲು ರಾತ್ರಿ ಕಾರು ಓಡಿಸಿದ ಭಾವ, ದುಡ್ಡಿಗೆ ಅವಸರ ಮಾಡದ ಮಂಡ್ಯದ ಬೆಲ್ಲದ ಮಂಡಿಯವರು, ದಿನಾ ಫೋನ್ ಮಾಡಿ "ಏನೂ ಆಗಲ್ಲ ಸುಮ್ನಿರು" ಅಂದ ಅತ್ತೆಯರು, ಎಲ್ಲರಿಗೂ ಕೈ ಮುಗಿದು ಥ್ಯಾಂಕ್ಸ್. ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದಳು ಅಂತ ಬೇಜಾರು ಮಾಡ್ಕೋಬೇಡಿ. ಇವತ್ತು ಕೂತಿರುವುದು ನಮ್ಮ ಕೆಲಸದವರ ಬಗ್ಗೆ ಬರೆಯಲು.

ಈ ಸಲ ಕಬ್ಬು ಸಿಗುವುದೇ ಕಷ್ಟವಿತ್ತು. 2023ರಲ್ಲಿ ಮಳೆ ಕೈಕೊಟ್ಟಿತು, ನಾಲೆ ನೀರು ನಂಬಿಕೊಂಡು ನೆಡುವ ಧೈರ್ಯ ಎಷ್ಟೋ ಜನಕ್ಕೆ ಬರಲಿಲ್ಲ. 2024ರ ಜುಲೈನಲ್ಲಿ ಕೆಆರ್‌ಎಸ್ 124.80 ಅಡಿ ತುಂಬಿದಾಗ ಎಲ್ಲರ ಮುಖಕ್ಕೂ ಕಳೆ ಬಂದಿದ್ದು ನಿಜ. ಆದರೆ ಕಟ್ಟೆ ತುಂಬಿದ ಕೂಡಲೇ ಕಬ್ಬು ಬರುತ್ತದಾ? ಅದಕ್ಕೆ ವರ್ಷ ಬೇಕು. ಇದ್ದಬದ್ದ ಕಬ್ಬಿಗೆ ಫ್ಯಾಕ್ಟರಿಯವರೂ ಆಲೆಮನೆಯವರೂ ಪೈಪೋಟಿ. ಅಂಥದ್ದರಲ್ಲಿ ಒಬ್ಬ ರೈತರು ಅಪ್ಪನ ಮುಖ ನೋಡಿ ಕಬ್ಬು ಕಡಿಸಿ ನಮ್ಮ ಅಂಗಳಕ್ಕೆ ತಂದು ಹಾಕಿದ್ದರು. ಅಪ್ಪ ಬಿದ್ದಿದ್ದು ಅವತ್ತೇ. ಅವತ್ತು ರಾತ್ರಿಯೇ ಮಳೆ. ಡಿಸೆಂಬರ್ ಮೊದಲ ವಾರ, ಫೆಂಗಲ್ ಚಂಡಮಾರುತದ ಮಳೆ.

ಆಲೆಮನೆ ನೋಡದವರಿಗೆ ಇದರ ಕಷ್ಟ ಗೊತ್ತಾಗುವುದಿಲ್ಲ. ಕಡಿದ ಕಬ್ಬನ್ನು ಬೇಗ ಅರೆಯಬೇಕು. ಇಟ್ಟಷ್ಟೂ ತೂಕ ಇಳಿಯುತ್ತದೆ, ಕಬ್ಬಿನ ಹಾಲು ಕೆಡುತ್ತದೆ, ಆಮೇಲೆ ಎಷ್ಟು ಕಾಯಿಸಿದರೂ ಬೆಲ್ಲ ಗಟ್ಟಿ ಕೂರುವುದಿಲ್ಲ. ಕಾಯಿಸಲು ಬೇಕಾಗಿದ್ದು ರಚ್ಚು, ಅಂದರೆ ಹಾಲು ಹಿಂಡಿದ ಮೇಲೆ ಉಳಿಯುವ ಕಬ್ಬಿನ ಸಿಪ್ಪೆ. ಗಾಣದಿಂದ ಬರುವಾಗ ಅದರ ತೂಕದಲ್ಲಿ ಸುಮಾರು ಅರ್ಧ ನೀರೇ. ಬಿಸಿಲಿಗೆ ಹರವಿ, ತಿರುವಿ ಹಾಕಿ ಒಣಗಿಸಿದರೆ ಮಾತ್ರ ಉರಿಯುತ್ತದೆ. ಒಣಗಿದ ರಚ್ಚು ನೆನೆದರೆ ಒಲೆ ಇಲ್ಲ, ಒಲೆ ಇಲ್ಲದಿದ್ದರೆ ಅಂಗಳದ ಕಬ್ಬೆಲ್ಲ ದಂಡ.

ಈ ರಚ್ಚು ಒಣಗಿಸುವುದು ನಮ್ಮ ದೊಡ್ಡವ್ವ. ಹೆಸರು ಹಾಕಬೇಡ ಅಂದಿದ್ದಾರೆ, ಹಾಕಿಲ್ಲ. ರಕ್ತಸಂಬಂಧ ಇಲ್ಲ, ಚಿಕ್ಕಂದಿನಿಂದ ಹಾಗೆ ಕರೆದು ಅಭ್ಯಾಸ. ರಾತ್ರಿ ಅವರೇ ಫೋನ್ ಮಾಡಿದರು. "ನೀನು ಅಪ್ಪನ್ನ ನೋಡ್ಕವ್ವ, ರಚ್ಚು ನಾನ್ ನೋಡ್ಕತೀನಿ" ಅಂದು ಇಟ್ಟೇಬಿಟ್ಟರು. ಯಾರೂ ಅವರಿಗೆ ಹೇಳಿರಲಿಲ್ಲ. ಸಂಜೆ ಕೂಲಿ ಮುಗಿಸಿ ಮನೆಗೆ ಹೋಗಿದ್ದವರು, ಮಳೆ ಹನಿ ಬಿದ್ದ ಕೂಡಲೇ ಸೊಸೆಯನ್ನು ಎಬ್ಬಿಸಿಕೊಂಡು ಬಂದಿದ್ದಾರೆ. ಇದ್ದ ಟಾರ್ಪಾಲು ಸಾಲಲಿಲ್ಲ. ಟ್ರ್ಯಾಕ್ಟರಿನದೂ ಬಿಚ್ಚಿ ತಂದು ಮುಚ್ಚಿದ್ದಾರೆ. ಆಗಲೂ ಉಳಿದ ರಚ್ಚನ್ನು ಇಬ್ಬರೇ ಹೊತ್ತು ಬೆಲ್ಲ ಜೋಡಿಸುವ ಕೋಣೆಗೆ ತುಂಬಿದ್ದಾರೆ. ಅಲ್ಲಿ ಹೆಂಚು ಸೋರುತ್ತದೆ. ಸೋರುವ ಕಡೆಯಿಂದ ಸೋರದ ಕಡೆಗೆ ಎಳೆಯುತ್ತಾ ಬೆಳಗಿನವರೆಗೂ ಎದ್ದೇ ಇದ್ದರಂತೆ. "ಅಂತೆ" ಯಾಕೆಂದರೆ ಇದನ್ನೆಲ್ಲ ಹೇಳಿದ್ದು ಸೊಸೆ. ದೊಡ್ಡವ್ವನನ್ನು ಕೇಳಿದರೆ "ಒಸಿ ಮಳೆ ಬಂತು ಬುಡು" ಅಷ್ಟೇ.

ಇತ್ತ ಐಸಿಯು ಹೊರಗೆ ಕೂತು ನಾನು ಮನಸ್ಸಿನಲ್ಲೇ ಆಲೆಮನೆ ಮಾರಿ ಮುಗಿಸಿದ್ದೆ. ಗಾಣಕ್ಕೆ ಎಷ್ಟು, ಕೊಪ್ಪರಿಗೆಗೆ ಎಷ್ಟು, ಸಾಲ ಕಳೆದರೆ ಏನು ಉಳಿಯುತ್ತದೆ. ಅಪ್ಪ ಬದುಕುತ್ತಾರೋ ಇಲ್ಲವೋ ಅನ್ನುವುದನ್ನು ಯೋಚಿಸಲು ಭಯವಾಗಿ ಲೆಕ್ಕ ಹಾಕುತ್ತಿದ್ದೆ ಅಂತ ಈಗ ಅನಿಸುತ್ತದೆ. ಅಳು ಬಂದಿದ್ದು ಒಂದೇ ಸಲ. ಅಪ್ಪ ಕಣ್ಣು ಬಿಟ್ಟು "ಕಬ್ಬು ಏನಾಯ್ತು" ಅಂದರೆ ಏನು ಹೇಳಲಿ ಅಂತ ಹೊಳೆದಾಗ.

ಅಪ್ಪ ಕೇಳಿದ್ದು ಅದನ್ನೇ. ಅಷ್ಟು ಹೊತ್ತಿಗೆ ಇಲ್ಲಿ ಮೊದಲ ಕೊಪ್ಪರಿಗೆ ಇಳಿದಿತ್ತು. ರೈತರ ಕಬ್ಬು ಹಾಳಾಗಲಿಲ್ಲ, ಮುಂದಿನ ತೋಟದ ಕಬ್ಬೂ ನಮಗೇ ಬಂತು.

ಬೆಲ್ಲ ಚೆನ್ನಾಗಿ ಬಂದರೆ ಹೊಗಳಿಕೆ ಹೋಗುವುದು ಪಾಕ ನೋಡುವವರಿಗೆ. ನಮ್ಮ ಪಾಕದ ಅಣ್ಣನಿಗೆ ಅದು ಸಲ್ಲಬೇಕಾದದ್ದೇ. ಪುಸ್ತಕದಲ್ಲಿ ಪಾಕ ಇಳಿಸುವುದು ಸುಮಾರು 118 ಡಿಗ್ರಿಗೆ ಅಂತ ಇದೆ. ಅಣ್ಣ ಒಂದು ತೊಟ್ಟು ನೀರಿಗೆ ಬಿಟ್ಟು ಬೆರಳಲ್ಲಿ ಉರುಳಿಸಿ "ಇಳಿಸ್ರೋ" ಅನ್ನುತ್ತಾರೆ, ಎಂದೂ ತಪ್ಪಿಲ್ಲ. ಗಾಣಕ್ಕೆ ಕಬ್ಬು ಕೊಡುವ ಹುಡುಗರು, ಬೆಂಡೆ ರಸ ಹಾಕಿ ಮಡ್ಡಿ ತೆಗೆಯುವ ಬಿಹಾರದ ಇಬ್ಬರು ಅಣ್ಣತಮ್ಮಂದಿರು, ಒಲೆಗೆ ಉರಿ ಹಾಕುವ ತಾತ, ಇವರೆಲ್ಲ ಇಲ್ಲದೆ ಈ ಸೀಸನ್ ಇಲ್ಲ. ಮುಖಕ್ಕೆ ಮುಖ ಕೊಟ್ಟು ಹೇಳಿದ್ದೇನೆ, ಇಲ್ಲೂ ಹೇಳುತ್ತಿದ್ದೇನೆ. ಆದರೆ ರಚ್ಚು ಹರವುವವರನ್ನು ಯಾರೂ ಹೊಗಳಿದ್ದು ನಾನು ಕೇಳಿಲ್ಲ. ಯಾವ ಆಲೆಮನೆಗೆ ಹೋದರೂ ಕಡಿಮೆ ಕೂಲಿ ಅವರದೇ, ಅವರು ಹೆಂಗಸರೇ. ಸಮಾನ ವೇತನದ ಕಾಯ್ದೆ ಬಂದಿದ್ದು 1976ರಲ್ಲಿ. ನಮ್ಮ ಕಡೆ ಅದು ಇನ್ನೂ ದಾರಿಯಲ್ಲೇ ಇದೆ!

ಲೆಕ್ಕ ಮುಗಿಸುವ ದಿನ ದೊಡ್ಡವ್ವನಿಗೆ ಎಲ್ಲರೆದುರು ಒಂದು ಸೀರೆ, ಹಣ್ಣು, ಎಲೆ ಅಡಿಕೆ ಕೊಟ್ಟೆ. ಆ ರಾತ್ರಿ ಏನು ಮಾಡಿದರು ಅಂತ ಬಿಡಿಸಿ ಹೇಳಿದೆ. ಅಪ್ಪನೂ ಇದ್ದರು. ಜನ್ಮದಲ್ಲಿ ಯಾರನ್ನೂ ಹೊಗಳದ ಮನುಷ್ಯ ಎದ್ದು ನಿಂತು "ಇವಳು ಇಲ್ದಿದ್ರೆ ಬಾಗಿಲು ಹಾಕ್ಬೇಕಾಗಿತ್ತು" ಅಂದರು. ಎಲ್ಲರಿಗೂ ಆಶ್ಚರ್ಯ. ದೊಡ್ಡವ್ವ ಸೆರಗಲ್ಲಿ ಮುಖ ಒರೆಸಿಕೊಂಡು, ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದರು. "ಸೀರೆ ಚೆಂದಾಗದೆ ಕಣವ್ವ. ಆದ್ರೆ ನಮಗೆ ಒಂದು ಬಾಗ್ಲಿರೋ ಕಕ್ಕಸು ಕಟ್ಟಿಸ್ಕೊಡು. ಕಬ್ಬಿನ ಗದ್ದೆಗೆ ಹೋಗಿ ಹೋಗಿ ಸಾಕಾಗದೆ."

ಸೀರೆಗಿಂತ ಮೊದಲು ಆಗಬೇಕಿದ್ದ ಕೆಲಸ ಅದು. ಈಗ ಪಾಯ ಹಾಕಿ ಆಗಿದೆ, ಗೋಡೆ ಏಳುತ್ತಿದೆ. ಮುಂದಿನ ಸೀಸನ್ನಿಂದ ನಮ್ಮಲ್ಲಿ ಹೆಂಗಸರಿಗೂ ಗಂಡಸರಿಗೂ ಒಂದೇ ಕೂಲಿ, ಅಪ್ಪ ಗೊಣಗಿಕೊಂಡೇ ಒಪ್ಪಿದ್ದಾರೆ. ಬೆಲ್ಲದ ಕೋಣೆಯ ಹೆಂಚನ್ನೂ ಬದಲಾಯಿಸುತ್ತಿದ್ದೇವೆ. ನಿನ್ನೆ ದೊಡ್ಡವ್ವ ಬಂದು, ಚಿಲಕ ಒಳಗಡೆಯಿಂದ ಇರಬೇಕು, ಎತ್ತರ ಇಷ್ಟೇ ಇರಬೇಕು ಅಂತ ಗಾರೆಯವರಿಗೆ ಕೈ ತೋರಿಸಿ ಹೇಳಿ ಹೋಗಿದ್ದಾರೆ.