ನಾಬ್ ಇದೆ, ಕೈಗೆ ಎಟುಕುವುದಿಲ್ಲ

ಇಂದ:
ನಿಮ್ಮ ಗ್ರಾಹಕ,
ಬಸವೇಶ್ವರನಗರ, ಬೆಂಗಳೂರು

ಇವರಿಗೆ:
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ

ವಿಷಯ: ಕಾರಿನ ಅಡ್ಜಸ್ಟಬಲ್ ಸಸ್ಪೆನ್ಷನ್ ಕಿಟ್‌ನ ಹಿಂದಿನ ನಾಬ್‌ಗಳು ಸೀಟು ಬಿಚ್ಚದೆ ಸಿಗದಿರುವ ಬಗ್ಗೆ ದೂರು.

ಮಾನ್ಯರೇ,

ಕಳೆದ ಆಗಸ್ಟ್‌ನಲ್ಲಿ ನಿಮ್ಮ ಕಾಯಿಲ್‌ಓವರ್ ಕಿಟ್ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಒಟ್ಟಿಗಿರುವ, ಎತ್ತರವನ್ನೂ ಗಡಸನ್ನೂ ಬದಲಿಸಬಹುದಾದ ಜೋಡಣೆ) ಕೊಂಡು, ನೀವೇ ಹೇಳಿದ ಗ್ಯಾರೇಜಿನಲ್ಲಿ ನನ್ನ ಸೆಡಾನ್‌ಗೆ ಹಾಕಿಸಿದೆ. ಕಿಟ್‌ಗೆ 88,000 ರೂಪಾಯಿ, ಕೂಲಿ ಬೇರೆ. ಬಿಲ್‌ನ ಪ್ರತಿ ಇದರ ಜೊತೆಗಿದೆ. ಶಾಕ್ ಅಬ್ಸಾರ್ಬರ್ ಸೋರಿಲ್ಲ, ಸ್ಪ್ರಿಂಗ್ ಕುಸಿದಿಲ್ಲ, ಕಟಕಟ ಸದ್ದೂ ಇಲ್ಲ. ಮಾಲು ಚೆನ್ನಾಗಿದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಿಮ್ಮವರು ವಾರಂಟಿ ಫಾರ್ಮ್ ಕಳಿಸಿ ಕೈ ತೊಳೆದುಕೊಳ್ಳುತ್ತಾರೆ. ನನ್ನ ದೂರು ಬೇರೆ. ನೀವು ಮಾರಿದ್ದು ಅಡ್ಜಸ್ಟ್ ಮಾಡಿಕೊಳ್ಳುವ ಸಸ್ಪೆನ್ಷನ್. ನನಗೆ ಅಡ್ಜಸ್ಟ್ ಮಾಡುವುದಕ್ಕೇ ಆಗುತ್ತಿಲ್ಲ.

ನಾನು ರೇಸ್ ಓಡಿಸುವವನಲ್ಲ. ವಾರವೆಲ್ಲ ಊರೊಳಗೇ ಓಡಾಟ. ಹಿಂದಿನ ಸೀಟಲ್ಲಿ ಅಮ್ಮ ಇರುತ್ತಾರೆ, ಅವರಿಗೆ ಬೆನ್ನುನೋವು. ಹಂಪ್ ಅಂದರೆ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ ಇರಬೇಕು, 25 ಕಿ.ಮೀ. ವೇಗದಲ್ಲಿ ಹಾಯಾಗಿ ದಾಟುವಂತಿರಬೇಕು ಎಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುತ್ತದೆ. ನಮ್ಮ ಬೀದಿಯದ್ದು ಯಾರೋ ರಾತ್ರೋರಾತ್ರಿ ಸುರಿದುಹೋದ ಗುಡ್ಡೆ. ಅದಕ್ಕೆ ಶಾಕ್ಸ್ ಮೆತ್ತಗಿರಬೇಕು. ತಿಂಗಳಿಗೊಮ್ಮೆ ಊರಿಗೆ, ಹಾಸನದ ಕಡೆ ಹೋಗುತ್ತೇವೆ. ನೆಲಮಂಗಲ ದಾಟಿ ಕುಣಿಗಲ್ ರಸ್ತೆ ಹಿಡಿದರೆ ವೇಗ ಜಾಸ್ತಿ. ಬರುವಾಗ ಡಿಕ್ಕಿ ತುಂಬ ತೆಂಗಿನಕಾಯಿ, ಅಕ್ಕಿ ಮೂಟೆ. ಮೆತ್ತಗಿದ್ದರೆ ಕಾರಿನ ಹಿಂಭಾಗ ತೊಟ್ಟಿಲಿನ ಹಾಗೆ ತೂಗುತ್ತದೆ, ಆಗ ಗಟ್ಟಿ ಮಾಡಬೇಕು. ಒಂದೇ ಕಾರಿಗೆ ಎರಡು ಸ್ವಭಾವ ಬೇಕಾಗಿದ್ದಕ್ಕೇ ನಾನು ನಿಮ್ಮ ಹತ್ತಿರ ಬಂದದ್ದು. ಶಾಕ್ಸ್ ಮೇಲಿನ ನಾಬ್ ತಿರುಗಿಸಿದರೆ ಒಂದೊಂದು ಕ್ಲಿಕ್‌ಗೆ ಒಂದು ಹಂತ ಗಟ್ಟಿ ಅಥವಾ ಮೆತ್ತಗೆ. ನಿಮ್ಮ ಜಾಹೀರಾತಿನಲ್ಲೂ "32 ಕ್ಲಿಕ್, ಎರಡೇ ನಿಮಿಷ" ಅಂತ ದಪ್ಪ ಅಕ್ಷರದಲ್ಲಿ ಇತ್ತು, ಅಲ್ವಾ?

ಮುಂದಿನ ಎರಡು ನಾಬ್‌ಗಳ ಮಟ್ಟಿಗೆ ಅದು ನಿಜ. ಬಾನೆಟ್ ಎತ್ತಿದರೆ ಕಣ್ಣೆದುರಿಗೇ ಇವೆ. ಹಿಂದಿನವು ಪಾರ್ಸೆಲ್ ಟ್ರೇ, ಅಂದರೆ ಹಿಂದಿನ ಸೀಟಿನ ಬೆನ್ನಿಗಿರುವ ಹಲಗೆಯ ಕೆಳಗೆ ಹೂತುಹೋಗಿವೆ. ಅಲ್ಲಿಗೆ ಹೋಗಬೇಕಾದರೆ ಹಿಂದಿನ ಸೀಟಿನ ಕುಶನ್ ಎತ್ತಬೇಕು, ಒರಗುವ ಭಾಗದ ಬೋಲ್ಟ್ ಬಿಚ್ಚಬೇಕು, ಬೆಲ್ಟ್ ಸಡಿಲಿಸಬೇಕು, ಎರಡೂ ಪಕ್ಕದ ಪ್ಲಾಸ್ಟಿಕ್ ಟ್ರಿಮ್ ಕೀಳಬೇಕು, ಆಮೇಲೆ ಟ್ರೇ. ಇಲ್ಲಿಯವರೆಗೆ ಮೂರು ಸಲ ಮಾಡಿದ್ದೇನೆ. ಪ್ರತಿ ಸಲ ಎರಡು ಗಂಟೆ. ಏಳು ಕ್ಲಿಪ್ ಮುರಿದಿವೆ. ಈಗ ಶಾಕ್ಸ್ ಸುಮ್ಮನಿದೆ, ಟ್ರಿಮ್ ಗಲಗಲ ಅನ್ನುತ್ತದೆ. ಇನ್ನು ಊರಿಂದ ಹೊರಡುವ ಹೊತ್ತಿಗೆ ಗಟ್ಟಿ ಮಾಡಬೇಕೆಂದರೆ, ತುಂಬಿದ ತೆಂಗಿನಕಾಯಿಯನ್ನೆಲ್ಲ ಮೊದಲು ಅಂಗಳಕ್ಕೆ ಇಳಿಸಬೇಕು.

ಇದು ಬರೀ ಸೋಮಾರಿತನದ ಮಾತಲ್ಲ. ಸಸ್ಪೆನ್ಷನ್ ಹೊಂದಿಸುವುದು ಎಂದರೆ ಹೋಲಿಸಿ ನೋಡುವುದು. ಒಂದು ರಸ್ತೆಯಲ್ಲಿ ಓಡಿಸಬೇಕು, ಎರಡು ಕ್ಲಿಕ್ ಬದಲಿಸಬೇಕು, ಹಿಂದಿನ ಸಲದ ಅನುಭವ ಮರೆಯುವ ಮುಂಚೆ ಅದೇ ರಸ್ತೆಯಲ್ಲಿ ಮತ್ತೆ ಓಡಿಸಬೇಕು. ಹತ್ತು ನಿಮಿಷದ ಅಂತರವಾದರೆ ವ್ಯತ್ಯಾಸ ಬೆನ್ನಿಗೇ ಗೊತ್ತಾಗುತ್ತದೆ. ಎರಡು ಗಂಟೆ ಸೀಟಿನ ಜೊತೆ ಗುದ್ದಾಡಿ ಎದ್ದ ಮೇಲೆ ಯಾವ ಬೆನ್ನಿಗೆ ಏನು ಗೊತ್ತಾಗುತ್ತದೆ ಹೇಳಿ? ಸುಮ್ನೆ ಇದ್ದ ಹಾಗೇ ಇರಲಿ ಅಂತ ಬಿಟ್ಟುಬಿಡುತ್ತೇವೆ.

ಹಾಗೆ ಬಿಟ್ಟದ್ದರ ಫಲವೂ ಸಿಕ್ಕಿತು. ಕಿಟ್ ಹಾಕಿಸಿ ಎರಡು ತಿಂಗಳು ಕಾರು ಹಂಪ್ ಮೇಲೆ ಒಂದು ಕಡೆಗೆ ವಾಲಿದ ಹಾಗೆ ಆಗುತ್ತಿತ್ತು. "ಇದಕ್ಕಿಂತ ಎತ್ತಿನ ಗಾಡಿ ವಾಸಿ ಕಣೋ" ಎಂದರು ಅಮ್ಮ. ಕೊನೆಗೆ ಸೀಟು ಬಿಚ್ಚಿ, ನಾಬ್ ಅನ್ನು ಪೂರ್ತಿ ಗಟ್ಟಿಯಾಗುವವರೆಗೆ ತಿರುಗಿಸುತ್ತಾ ಕ್ಲಿಕ್ ಎಣಿಸಿದೆ. ಎರಡೂ ಕಡೆ ಒಂದೇ ಇರಬೇಕಿತ್ತು; ಎಡಗಡೆ 14, ಬಲಗಡೆ 9. ಗ್ಯಾರೇಜಿನ ಹುಡುಗನನ್ನು ಬೈಯುವ ಹಾಗಿಲ್ಲ. ಟ್ರೇ ಸಂದಿಯಲ್ಲಿ ಎರಡು ಬೆರಳು ತೂರಿಸಿ ತಿರುಗಿಸುವವನಿಗೆ ಕ್ಲಿಕ್ ಕೇಳಿಸುವುದೂ ಇಲ್ಲ, ನಾಬ್ ಮೇಲೆ ಅಂಕಿಯೂ ಇಲ್ಲ. ಯಾವ ಕಡೆ ತಿರುಗಿಸಿದರೆ ಗಟ್ಟಿ ಎಂಬ ಬಾಣದ ಗುರುತು ಸಹ ಇಲ್ಲ.

ಫೋನ್ ಮಾಡಿದೆ. ಎತ್ತಿದವರು "ಹಾಗಾದ್ರೆ ಹೈಟ್ ಕಮ್ಮಿ ಮಾಡಿಸಿ ಸರ್, ಮೆತ್ತಗಾಗತ್ತೆ" ಎಂದರು. ತಗ್ಗಿಸಿದರೆ ಶಾಕ್ಸ್ ಕುಗ್ಗುವುದಕ್ಕೆ ಇರುವ ಜಾಗ ಕಡಿಮೆಯಾಗಿ, ಕೊನೆಯಲ್ಲಿ ತಡೆಯುವ ರಬ್ಬರ್ ತುಂಡಿಗೆ (ಬಂಪ್ ಸ್ಟಾಪ್) ಬೇಗ ಬಡಿದು ಇನ್ನೂ ಜಾಸ್ತಿ ಕುಟ್ಟುತ್ತದೆ. ಎತ್ತರ ಬೇರೆ, ಗಡಸು ಬೇರೆ. ಇಷ್ಟು ನಿಮ್ಮವರಿಗೆ ಗೊತ್ತಿರಬೇಡವೇ? ನಾನು ಬಿಡದೆ ಕೇಳಿದ್ದಕ್ಕೆ ಕೊನೆಗೆ "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ ಸರ್" ಎಂದರು. ಬೆಂಗಳೂರಿನಲ್ಲಿ ಹುಟ್ಟಿ ಬೆಳೆದವನು, ಈ ಮಾತು ಬಸ್ಸಿನಲ್ಲಿ, ಹೋಟೆಲಿನ ಟೇಬಲ್‌ನಲ್ಲಿ ಸಾವಿರ ಸಲ ಕೇಳಿದ್ದೇನೆ. ಸಸ್ಪೆನ್ಷನ್ ಕಂಪನಿಯಿಂದ ಕೇಳುತ್ತೇನೆ ಅಂದುಕೊಂಡಿರಲಿಲ್ಲ.

ಎತ್ತರದ ವಿಷಯ ಬಂದದ್ದರಿಂದ ಅದನ್ನೂ ಹೇಳುತ್ತೇನೆ. ಎತ್ತರ ಬದಲಿಸುವ ರಿಂಗ್‌ಗಳ ಮೇಲೆ ಯಾವ ಹೊದಿಕೆಯೂ ಇಲ್ಲ. ರಸ್ತೆ ಅಗೆತದ ಧೂಳು, ಅಂಡರ್‌ಪಾಸ್ ನೀರು ಎಲ್ಲ ಕೂತು, ಒಂದೇ ಮಳೆಗಾಲದಲ್ಲಿ ಥ್ರೆಡ್ ಕಚ್ಚಿಕೊಂಡಿದೆ. ಆ ರಿಂಗ್ ತಿರುಗಿಸಲು ಬೈಕಿನ ಟೂಲ್ ಕಿಟ್‌ನಲ್ಲಿ ಕೊಡುವಂಥ ಸಿ ಸ್ಪ್ಯಾನರ್ ಕೂಡ ನಿಮ್ಮ ಪೆಟ್ಟಿಗೆಯಲ್ಲಿ ಇರಲಿಲ್ಲ. ಜೆ.ಸಿ. ರಸ್ತೆಗೆ ಹೋಗಿ ತಂದೆ. ಎತ್ತರ ಬದಲಾದರೆ ವೀಲ್ ಅಲೈನ್‌ಮೆಂಟ್ (ಚಕ್ರಗಳ ಕೋನ ಸರಿಪಡಿಸುವುದು) ಮತ್ತೆ ಮಾಡಿಸಬೇಕು ಅಂತ ನೀವೂ ಹೇಳಲಿಲ್ಲ, ಗ್ಯಾರೇಜಿನವರೂ ಹೇಳಲಿಲ್ಲ. 6,000 ಕಿ.ಮೀ.ಗೇ ಮುಂದಿನ ಟೈರ್‌ಗಳ ಒಳ ಅಂಚು ಬೋಳಾಯಿತು.

1955ರಲ್ಲಿ ಬಂದ ಸಿಟ್ರೊಯೆನ್ ಡಿ.ಎಸ್. ಕಾರಿನಲ್ಲಿ ಡ್ರೈವರ್ ಸೀಟಲ್ಲೇ ಕೂತು, ಒಂದು ಲಿವರ್ ಸರಿಸಿ ಕಾರನ್ನು ಎತ್ತಿ ಇಳಿಸಬಹುದಿತ್ತು. ನಾನು ಅಷ್ಟು ಕೇಳುತ್ತಿಲ್ಲ. ನಾಬ್‌ಗೆ ಜೋಡಿಸುವ ಉದ್ದನೆಯ ಎಕ್ಸ್‌ಟೆಂಡರ್ ಕೇಬಲ್ ಎಂಬುದೊಂದು ಇದೆ, ನಿಮ್ಮ ಪಟ್ಟಿಯಲ್ಲೇ ಬೇರೆ ಬೆಲೆಗೆ ಇದೆ. ಅದರ ಒಂದು ಜೊತೆ ಉಚಿತವಾಗಿ ಕೊಟ್ಟು, ಡಿಕ್ಕಿ ತೆರೆದರೆ ಕೈಗೆ ಸಿಗುವಂತೆ ನಿಮ್ಮ ಖರ್ಚಿನಲ್ಲಿ ಹಾಕಿಕೊಡಿ. ಅದು ನನ್ನ ಕಾರಿಗೆ ಕೂರದಿದ್ದರೆ, ನಾಬ್‌ನ ನೇರಕ್ಕೆ ಟ್ರೇಯಲ್ಲಿ ರಂಧ್ರ ಕೊರೆದು ಮುಚ್ಚಳ ಹಾಕಿಕೊಟ್ಟರೂ ಸರಿ. ಆದರೆ ಅಳತೆ ಹಿಡಿದು ಕೊರೆಯಿರಿ, ಅಂದಾಜಿಗೆ ಬೇಡ. ಮುರಿದ ಏಳು ಕ್ಲಿಪ್, ರಿಂಗ್‌ಗಳಿಗೆ ಹೊದಿಕೆ, ಒಂದು ಸಲದ ಅಲೈನ್‌ಮೆಂಟ್ ಖರ್ಚು ನಿಮ್ಮದು. ಟೈರ್ ಹಣ ಗ್ಯಾರೇಜಿನವರ ಹತ್ತಿರ ಮಾತಾಡಿಕೊಳ್ಳುತ್ತೇನೆ. ಮುಂದೆ ಕೊಳ್ಳುವವರಿಗೆ, ಖಾಲಿ ಕಾರಿಗೆ ಎಷ್ಟು ಕ್ಲಿಕ್, ತುಂಬಿದ ಕಾರಿಗೆ ಎಷ್ಟು ಅಂತ ಕನ್ನಡದಲ್ಲಿ ಒಂದು ಹಾಳೆ ಪೆಟ್ಟಿಗೆಯೊಳಗೆ ಇಡಿ. ಫಿಟ್ ಮಾಡುವ ಹುಡುಗರು ಓದುವುದು ಅದನ್ನೇ.

15 ದಿನದಲ್ಲಿ ಲಿಖಿತ ಉತ್ತರ ಬರದಿದ್ದರೆ 1915ಕ್ಕೆ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ, ದೂರು ಕೊಡುತ್ತೇನೆ. ಅದಕ್ಕೂ ಜಗ್ಗದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಆಯೋಗಕ್ಕೆ ಹೋಗುತ್ತೇನೆ. ನಿಮ್ಮ ಜಾಹೀರಾತಿನ "ಎರಡೇ ನಿಮಿಷ" ಪುಟವನ್ನು ಜೋಪಾನವಾಗಿ ಇಟ್ಟುಕೊಂಡಿದ್ದೇನೆ.

ಭಾನುವಾರ ಬೆಳಿಗ್ಗೆ ಕಾರು ಮನೆಯಲ್ಲೇ ಇರುತ್ತದೆ. ನಿಮ್ಮ ಎಂಜಿನಿಯರ್ ಒಬ್ಬರನ್ನು ಕಳಿಸಿ. ಸೀಟು ಮಾತ್ರ ನಾನು ಬಿಚ್ಚಿಡುವುದಿಲ್ಲ, ಅವರೇ ಬಿಚ್ಚಲಿ.

ಇಂತಿ,
ನಿಮ್ಮ ಗ್ರಾಹಕ

ಲಗತ್ತು: ಬಿಲ್‌ನ ಪ್ರತಿ, ಜಾಹೀರಾತಿನ ಪುಟ, ಸೀಟು ಬಿಚ್ಚಿದಾಗ ತೆಗೆದ ನಾಲ್ಕು ಫೋಟೋ.