27ನೇ ವಾರಕ್ಕೆ ಕೂಸು ಯಾರ ಮಡಿಲಲ್ಲಿ?

ಮಾನ್ಯ ಸಂಪಾದಕರೇ,

ಮೊದಲ ಎರಡು ಮಕ್ಕಳಿಗೆ ಹೆರಿಗೆ ರಜೆ 26 ವಾರಕ್ಕೆ ಏರಿದ್ದು 2017ರಲ್ಲಿ. ಆದರೂ ಗಾರ್ಮೆಂಟ್ಸ್ ಟೈಲರ್‌ನಿಂದ ಹಿಡಿದು ಸಾಫ್ಟ್‌ವೇರ್ ಕಂಪನಿಯ ಟೀಮ್ ಲೀಡ್‌ವರೆಗೆ ಎಷ್ಟೋ ತಾಯಂದಿರು ರಜೆ ಮುಗಿದ ಮೇಲೆ ಕೆಲಸ ಬಿಡುತ್ತಾರೆ. ಯಾಕೆಂದು ಲೆಕ್ಕ ಹಾಕಿ ನೋಡಿ. ಹೆರಿಗೆಗೆ ಮೊದಲೇ 8 ವಾರ ತೆಗೆದುಕೊಂಡರೆ ಉಳಿಯುವುದು 18. ಕೆಲಸಕ್ಕೆ ಮರಳುವಾಗ ಕೂಸಿಗೆ ನಾಲ್ಕೇ ತಿಂಗಳು, ಎದೆಹಾಲು ಬಿಟ್ಟು ಬೇರೇನೂ ಕೊಡಬಾರದ ವಯಸ್ಸು. ಅಂಗನವಾಡಿಗೆ ಕಳಿಸಲು ಮೂರು ವರ್ಷ ತುಂಬಬೇಕು. ಅಲ್ಲಿಯವರೆಗೆ ನೋಡಿಕೊಳ್ಳಬೇಕಾದವರು ತವರಿನ ಅಮ್ಮ, ಇಲ್ಲವೇ ಅತ್ತೆ. ಅವರು ಹಾಸಿಗೆ ಹಿಡಿದರೆ ರಾಜೀನಾಮೆ ಕೊಡುವವಳು ಸೊಸೆ, ಮಗನಲ್ಲ. ಖಾಸಗಿ ಕಂಪನಿಗಳು ಅಪ್ಪಂದಿರಿಗೂ ರಜೆ ಕೊಡಲೇಬೇಕೆಂಬ ಕಾನೂನು ನಮ್ಮಲ್ಲಿಲ್ಲ.

50 ಅಥವಾ ಅದಕ್ಕಿಂತ ಹೆಚ್ಚು ಉದ್ಯೋಗಿಗಳಿರುವಲ್ಲಿ ಶಿಶುಪಾಲನಾ ಕೇಂದ್ರ ಕಡ್ಡಾಯ. ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿ ಬರಬಹುದು. ಕೇಂದ್ರವಿದ್ದೂ ಖಾಲಿ ಬೀಳುವುದು ಸಣ್ಣ ಸಣ್ಣ ಕಾರಣಗಳಿಗೆ. ವರ್ಷ ತುಂಬದ ಕೂಸನ್ನು ಸೇರಿಸಿಕೊಳ್ಳುವುದಿಲ್ಲ. ಓವರ್‌ಟೈಮ್ ಇದ್ದ ಸಂಜೆ ಆಯಾ ಹೊರಟುಹೋಗಿರುತ್ತಾರೆ. ಕಿಕ್ಕಿರಿದ ಟೆಂಪೋದಲ್ಲಿ ಹಸುಗೂಸನ್ನು ಎತ್ತಿಕೊಂಡು ಬರಲಾಗದು. ಎಲ್ಲಕ್ಕಿಂತ ದೊಡ್ಡ ತೊಡಕು ಗಾರ್ಮೆಂಟ್ಸ್‌ನಲ್ಲಿ ಗಂಟೆಗೆ ಇಷ್ಟು ಪೀಸ್ ಹೊಲಿಯಲೇಬೇಕೆಂಬ ಟಾರ್ಗೆಟ್. ಹಾಲೂಡಿಸಲು ಎದ್ದು ಹೋದ ಹೊತ್ತಿನ ಪೀಸ್‌ಗಳನ್ನು ಸೂಪರ್‌ವೈಸರ್ ಆ ಟಾರ್ಗೆಟ್‌ನಿಂದ ಕಳೆಯದಿದ್ದರೆ ಬೈಗುಳ ತಾಯಿಗೇ. ಎರಡು ದಿನ ಬೈಸಿಕೊಂಡವಳು ಮೂರನೇ ದಿನ ಏಳುವುದೇ ಇಲ್ಲ, ಹಾಲು ಬತ್ತುತ್ತದೆ. ಕೂಸಿಗೆ 15 ತಿಂಗಳಾಗುವವರೆಗೆ ಹಾಲೂಡಿಸಲು ದಿನಕ್ಕೆ ಎರಡು ಬಿಡುವು ಅವಳ ಹಕ್ಕು, ಯಾರೂ ತೋರುವ ದಯೆಯಲ್ಲ.

ಗರ್ಭಿಣಿಯರು ವೈದ್ಯರು ಒಪ್ಪಿದರೆ ಹೆರಿಗೆಗೆ ಮುಂಚಿನ ರಜೆಯನ್ನು ಕಡಿಮೆ ಮಾಡಿಕೊಳ್ಳಲಿ. ಹಾಗೆ ಉಳಿಸಿದ ವಾರಗಳು ಹೆರಿಗೆಯ ನಂತರ ಸಿಗುತ್ತವೆ. ಹೆರಿಗೆಯಿಂದ ಕಾಯಿಲೆಯಾದರೆ ವೈದ್ಯರ ಪ್ರಮಾಣಪತ್ರ ಕೊಟ್ಟು ಇನ್ನೂ ಒಂದು ತಿಂಗಳವರೆಗೆ ಸಂಬಳದ ರಜೆ ಪಡೆಯಬಹುದು. ಶಿಶುಪಾಲನೆಯ ವ್ಯವಸ್ಥೆ, ಬಿಡುವಿನ ಸಮಯ, ಮನೆಯಿಂದ ಕೆಲಸ, ಇವನ್ನೆಲ್ಲ ರಜೆ ಮುಗಿಯಲು ಎರಡು ತಿಂಗಳಿರುವಾಗಲೇ ಎಚ್‌ಆರ್‌ಗೆ ಬರಹದಲ್ಲಿ ಕೇಳಬೇಕು. ಬಾಯಿಮಾತಿನ ಒಪ್ಪಿಗೆ ಮ್ಯಾನೇಜರ್ ಬದಲಾದ ದಿನವೇ ಹೋಗುತ್ತದೆ.

50 ಜನರಿಲ್ಲದ ಸಣ್ಣ ಘಟಕಗಳ ತಾಯಂದಿರಿಗೆ ಈ ಕೇಂದ್ರದ ಹಕ್ಕೂ ಇಲ್ಲ. ಗ್ರಾಮ ಪಂಚಾಯಿತಿಗಳಲ್ಲಿ ಸರ್ಕಾರ ತೆರೆದಿರುವ ‘ಕೂಸಿನ ಮನೆ’ ಶಿಶುಪಾಲನಾ ಕೇಂದ್ರದಂಥದ್ದು ಪೀಣ್ಯ, ಬೊಮ್ಮಸಂದ್ರದ ಕೈಗಾರಿಕಾ ಪ್ರದೇಶಗಳಿಗೂ ಬರಲಿ. ಕಾರ್ಮಿಕ ಇಲಾಖೆಯ ಅಧಿಕಾರಿಗಳು ತಪಾಸಣೆಗೆ ಹೋದಾಗ ಗೋಡೆಯ ಬಣ್ಣ, ಆಟಿಕೆ ನೋಡಿ ಹಿಂತಿರುಗದೆ ಹಾಜರಿ ಪುಸ್ತಕ ತೆರೆದು, ವರ್ಷದೊಳಗಿನ ಕೂಸುಗಳು ಎಷ್ಟು ಬರುತ್ತಿವೆ ಎಂದು ಎಣಿಸಲಿ.

– ಕಾರ್ಮಿಕ ಕಾನೂನು ಸಲಹೆಗಾರರು, ಬೆಂಗಳೂರು