ಆಸ್ಪತ್ರೆ ತಂತ್ರಾಂಶ: ಕಲಿಕೆ ವಾರ್ಡಿನಲ್ಲೂ ಆಗಲಿ

ಮಾನ್ಯರೇ,

ಪರದೆ ವಿನ್ಯಾಸದ ತಂತ್ರಾಂಶವಾದ ಫಿಗ್ಮಾ ಕಲಿತು, ಕಾಲ್ಪನಿಕ ಆ್ಯಪ್ ಒಂದರ ಪೋರ್ಟ್‌ಫೋಲಿಯೊ ಮಾಡಿದರೆ ಆರೋಗ್ಯ ಕ್ಷೇತ್ರದ ಯುಎಕ್ಸ್ (ಬಳಕೆದಾರರ ಅನುಭವ) ವಿನ್ಯಾಸಕರಾಗಬಹುದು ಎಂಬಂತೆ ಕೆಲವು ಕೋರ್ಸುಗಳು ನಡೆಯುತ್ತಿವೆ. ಅಷ್ಟು ಸಾಲದು. ಔಷಧದ ಪ್ರಮಾಣವನ್ನು ಪರದೆಯಲ್ಲಿ ‘1.0 ಮಿ.ಗ್ರಾಂ’ ಎಂದು ತೋರಿಸಿದರೆ, ಚುಕ್ಕೆ ಕಣ್ಣಿಗೆ ಬೀಳದೆ 10 ಎಂದು ಓದಿ ಹತ್ತು ಪಟ್ಟು ಕೊಡುವ ಅಪಾಯವಿದೆ. ‘1’ ಎಂದಷ್ಟೇ ಬರೆಯಬೇಕು. ಅರ್ಧ ಇದ್ದಾಗ ‘.5’ ಅಲ್ಲ, ‘0.5’. ಇಂಥದ್ದನ್ನು ಮೊದಲ ವಾರದಲ್ಲೇ ಕಲಿಸಬೇಕು.

ಎಚ್ಚರಿಕೆ ಸಂದೇಶಗಳ ಕಥೆಯೂ ಅದೇ. ಸಣ್ಣಪುಟ್ಟದ್ದಕ್ಕೆಲ್ಲ ಪಾಪ್‌ಅಪ್ ಬಂದರೆ ವೈದ್ಯರು ಓದದೆ ಮುಚ್ಚುವ ರೂಢಿಗೆ ಬೀಳುತ್ತಾರೆ. ಅಲರ್ಜಿಯ ಎಚ್ಚರಿಕೆಯೂ ಅದರೊಂದಿಗೇ ಮುಚ್ಚಿಹೋಗುತ್ತದೆ.

ವಿದ್ಯಾರ್ಥಿಗಳು ಅನುಮತಿ ಪಡೆದು, ಪಾಳಿ ಬದಲಾಗುವ ಹೊತ್ತಿನಲ್ಲಿ ನರ್ಸುಗಳ ಕೆಲಸ ಗಮನಿಸಲಿ. ಅವರು ಎಲ್ಲಿ ಚೀಟಿಯಲ್ಲಿ ಬರೆದುಕೊಳ್ಳುತ್ತಾರೋ, ತಂತ್ರಾಂಶ ಸೋತಿರುವುದು ಬಹುಪಾಲು ಅಲ್ಲೇ. ವೈದ್ಯಕೀಯ ಸಾಧನಗಳ ಬಳಕೆ ಸುಲಭತೆಗೆ ಇರುವ ಅಂತರರಾಷ್ಟ್ರೀಯ ಮಾನದಂಡ ಐಇಸಿ 62366-1 ಕೂಡ ಪಠ್ಯದಲ್ಲಿರಲಿ. ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಮಾರ್ಗಸೂಚಿ ಇಂಥ ಸಾಧನಗಳ ಅಂತಿಮ ಪರೀಕ್ಷೆಗೆ ಪ್ರತಿ ಬಳಕೆದಾರ ಗುಂಪಿನಿಂದ ಕನಿಷ್ಠ 15 ಮಂದಿ ಬೇಕೆನ್ನುತ್ತದೆ. ಐವರು ಸಹಪಾಠಿಗಳ ಮುಂದಿಟ್ಟು ಮುಗಿಸುವುದು ಪರೀಕ್ಷೆಯೇ ಅಲ್ಲ.

– ತಂತ್ರಾಂಶ ವಿನ್ಯಾಸ ಬೋಧಕರು